ಭೂತ ಬೇಟೆಗೆ ಯಾವ ಆಟ? ಡಿ ಅಂಡ್ ಡಿ, ಮಾನ್‌ಸ್ಟರ್ ಆಫ್ ದ ವೀಕ್, ವೇಸನ್: ಒಂದೇ ಕಥೆಯನ್ನು ಮೂರರಲ್ಲೂ ಆಡಿಸಿ ನೋಡಿದೆ

ಮೊದಲ ಸಲ ಗೇಮ್ ಮಾಸ್ಟರ್ ಆಗುತ್ತಿದ್ದೀರಾ? ನಾಲ್ಕೈದು ಸಂಜೆಗಳಲ್ಲಿ ಮುಗಿಯುವ ಚಿಕ್ಕ ಕ್ಯಾಂಪೇನ್ (ಒಂದೇ ಪಾತ್ರಗಳ ಜೊತೆ ಮುಂದುವರಿಯುವ ಆಟಗಳ ಸರಣಿ) ಸಾಕಾ? ದೆವ್ವವೋ ರಾಕ್ಷಸನೋ ಏನೋ ಒಂದನ್ನು ಹುಡುಕಿ, ಅದರ ಗುಟ್ಟು ತಿಳಿದುಕೊಂಡು, ಕೊನೆಗೆ ಮುಗಿಸುವ ಕಥೆ ಬೇಕಾ? ಹಾಗಾದರೆ ಮಾನ್‌ಸ್ಟರ್ ಆಫ್ ದ ವೀಕ್ ಹಿಡಿಯಿರಿ. ತೀರ್ಮಾನ ಮೊದಲೇ ಹೇಳಿಬಿಟ್ಟೆ. ಆದರೆ ಇಷ್ಟನ್ನೇ ಓದಿ ಹೋಗಬೇಡಿ, ಯಾಕಂದ್ರೆ ನಿಮ್ಮ ಜೊತೆ ಆಡುವವರು ಎಂಥವರು ಅನ್ನುವುದರ ಮೇಲೆ ಉಳಿದೆರಡರಲ್ಲಿ ಒಂದು ನಿಮಗೆ ಇನ್ನೂ ಚೆನ್ನಾಗಿ ಹೊಂದಬಹುದು.

ಪರಿಚಯ ಇಲ್ಲದವರಿಗೆ ಎರಡು ಮಾತು. ಟೇಬಲ್ ಸುತ್ತ ಕೂತು ಮಾತಿನಲ್ಲೇ ಆಡುವ ಕಥೆ ಇದು. ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಊರು, ಊರಿನ ಜನ, ಭೂತ ಎಲ್ಲ ಅವರ ಕೈಯಲ್ಲಿ. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಬಾಗಿಲ ಹಿಂದೆ ನಿಂತ್ಕೋತೀನಿ’ ಅನ್ನುತ್ತಾರೆ. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಯಾವ ದಾಳ, ಎಷ್ಟು ಬಿದ್ದರೆ ಏನು ಅನ್ನುವುದು ಒಂದೊಂದು ಆಟದಲ್ಲಿ ಒಂದೊಂದು ಥರ. ಇಡೀ ಸಂಜೆ ಹೇಗೆ ಹೋಗುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಬೇರೆ ಬೇರೆ ಆಟಕ್ಕೆ ಬೇರೆ ಬೇರೆ ಕಥೆ ಇಟ್ಟರೆ ಚೆನ್ನಾಗಿದ್ದದ್ದು ಆಟವೋ ಕಥೆಯೋ ಅಂತ ಗೊತ್ತಾಗಲ್ಲ. ಅದಕ್ಕೇ ಕಥೆ ಒಂದೇ ಇಟ್ಟೆ. ಆದರೆ ಗುಟ್ಟು ತಿಳಿದವರಿಗೆ ಅದೇ ಗುಟ್ಟು ಮತ್ತೆ ಹುಡುಕಿ ಅನ್ನೋಕಾಗಲ್ಲವಲ್ಲ, ಹಾಗಾಗಿ ಆಡುವವರನ್ನು ಬದಲಾಯಿಸಿದೆ: ಡಿ ಅಂಡ್ ಡಿಗೆ (ಡಂಜನ್ಸ್ ಅಂಡ್ ಡ್ರಾಗನ್ಸ್) ಆಫೀಸ್ ಗೆಳೆಯರು, ಮಾನ್‌ಸ್ಟರ್ ಆಫ್ ದ ವೀಕ್‌ಗೆ ಹಳೇ ಕಾಲೇಜು ಗೆಳೆಯರು, ವೇಸನ್‌ಗೆ ಅಕ್ಕ, ಭಾವ, ಅವರ ಮಗಳು ಮತ್ತು ಪಕ್ಕದ ಮನೆಯ ಒಬ್ಬರು. ಗುಂಪು ಬದಲಾದರೆ ಆಟವೂ ಸ್ವಲ್ಪ ಬದಲಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಓದಿ.

ಕಥೆ ನಿಮಗೆಲ್ಲ ಗೊತ್ತಿರುವುದೇ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಹಬ್ಬಿದ್ದ ‘ನಾಳೆ ಬಾ’. ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ. ನಿಮ್ಮ ಮನೆಯವರದೇ ದನಿಯಲ್ಲಿ ಕರೆಯುತ್ತಾರೆ. ತೆಗೆದರೆ ಸಾವು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರೆ ಅವಳು, ಅಂದರೆ ಆ ಹೆಣ್ಣು ದೆವ್ವ, ಓದಿಕೊಂಡು ವಾಪಸ್ ಹೋಗುತ್ತಾಳೆ, ಮರುದಿನ ಬರುತ್ತಾಳೆ, ಮತ್ತೆ ಓದುತ್ತಾಳೆ. ಜಿಎಂಗೆ ಇದಕ್ಕಿಂತ ಒಳ್ಳೆ ಭೂತ ಸಿಗೋದು ಕಷ್ಟ. ಅವಳ ಶಕ್ತಿ ಏನು, ಮಿತಿ ಏನು, ಜನ ಹೇಗೆ ತಪ್ಪಿಸಿಕೊಂಡಿದ್ದಾರೆ ಎಲ್ಲ ಆ ನಾಲ್ಕು ಮಾತಿನಲ್ಲೇ ಬಂದುಬಿಟ್ಟಿದೆ.

ನಾನು ಸೇರಿಸಿದ್ದು ಸ್ವಲ್ಪ. ಕೆರೆ ಪಕ್ಕದ ಒಂದು ಊರು. ಬಾಗಿಲುಗಳ ಮೇಲಿನ ಬರಹ ಸೀಮೆಸುಣ್ಣದ್ದು, ಮತ್ತು ಮಳೆಗಾಲ ಶುರುವಾಗುವ ಹೊತ್ತು. ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಇವಳ ಸ್ವಂತ ಹೆಸರು ಊರಲ್ಲಿ ಯಾರೂ ಎತ್ತುವುದಿಲ್ಲ. ಬಾಗಿಲ ಒಳಗಿಂದ ಯಾರಾದರೂ ಅವಳ ಹೆಸರು ಹಿಡಿದು ಕರೆದರೆ ಅವಳ ಬಲ ಹೋಗುತ್ತದೆ. ಆ ಹೆಸರು ಮೂರು ಕಡೆ ಸಿಗುವ ಹಾಗೆ ಇಟ್ಟೆ: ದೇವಸ್ಥಾನದ ಅಡುಗೆಮನೆಯ ಒಂದು ಸ್ಟೀಲ್ ಚೊಂಬಿನ ಮೇಲೆ ಕೊರೆಸಿದ ಹೆಸರು, ಅಂಗಡಿಯವನ ಹಳೇ ಉದ್ರಿ ಪುಸ್ತಕ, ಒಬ್ಬ ಅಜ್ಜಿ ಅರ್ಧಕ್ಕೇ ನಿಲ್ಲಿಸುವ ಸೋಬಾನೆ ಹಾಡು. ಮೂರು ಯಾಕೆ ಅಂದರೆ, ಆಟಗಾರರು ತಿಳಿಯಲೇಬೇಕಾದ ಪ್ರತಿ ವಿಷಯಕ್ಕೂ ಕನಿಷ್ಠ ಮೂರು ಸುಳಿವು ಇಡಿ ಅಂತ, ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಹೇಳಿದ ಒಂದು ನಿಯಮ ಇದೆ. ಯಾವ ಆಟ ಆಡಿಸಿದರೂ ಇದನ್ನು ಬಿಡಬೇಡಿ. ಒಂದು ಸುಳಿವನ್ನು ಅವರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ.

ಡಿ ಅಂಡ್ ಡಿ: ಹೊಡೆದಾಟ ಬೇಕಾದವರಿಗೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಆಟ. ನಾನು ಆಡಿಸಿದ್ದು 2014ರ ಐದನೇ ಆವೃತ್ತಿ. ಇದರ ದೊಡ್ಡ ಅನುಕೂಲ ಜನ ಸೇರಿಸುವುದು. ‘ಡಿ ಅಂಡ್ ಡಿ ಆಡೋಣ್ವಾ?’ ಅಂದರೆ ಸಾಕು, ಒಮ್ಮೆಯೂ ಆಡದವರೂ ಬರುತ್ತಾರೆ. ಖರ್ಚೂ ಇಲ್ಲ ಅಂತಲೇ ಹೇಳಬಹುದು. ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ, 2023ರ ಜನವರಿಯಿಂದ ಅವು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲೂ ಇವೆ.

ತಯಾರಿಯಲ್ಲಿ ನನ್ನ ಹೊತ್ತೆಲ್ಲ ಹೋಗಿದ್ದು ಲೆಕ್ಕಕ್ಕೆ. ನಮ್ಮ ಬಾಗಿಲ ದೆವ್ವಕ್ಕೆ ನಿಯಮದಲ್ಲಿರುವ ಘೋಸ್ಟ್ ಅನ್ನೇ ತೆಗೆದುಕೊಂಡೆ. ಅದಕ್ಕೆ 45 ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕ), ಚಾಲೆಂಜ್ ರೇಟಿಂಗ್ (ಎಷ್ಟು ಅಪಾಯಕಾರಿ ಅನ್ನುವ ಅಳತೆ) 4, ಅಂದರೆ ಸೋಲಿಸಿದರೆ ಸಿಗುವ ಅನುಭವದ ಅಂಕ 1100 ಎಕ್ಸ್‌ಪಿ. ಮೂರನೇ ಲೆವೆಲ್‌ನ ನಾಲ್ಕು ಜನಕ್ಕೆ 900 ದಾಟಿದರೆ ಕಷ್ಟದ ಕಾಳಗ, 1600 ದಾಟಿದರೆ ಪ್ರಾಣಾಪಾಯ. ನಮ್ಮದು ನಡುವೆ. ಪುಸ್ತಕದ ಪ್ರಕಾರ ಸರಿಯಾಗಿ ಬೆವರಿಳಿಯಬೇಕು. ಆದರೆ ಒಂಟಿ ಭೂತ ಒಂದು ಸುತ್ತಿನಲ್ಲಿ ಒಂದು ಸಲ ಹೊಡೆದರೆ ಎದುರಿಗಿರುವವರು ನಾಲ್ಕು ಸಲ ಹೊಡೆಯುತ್ತಾರೆ. ಎಷ್ಟೇ ಎಕ್ಸ್‌ಪಿ ಇದ್ದರೂ ಒಂಟಿಯಾಗಿ ನಿಂತಿದ್ದು ಬೇಗ ಬೀಳುತ್ತದೆ. ದೊಡ್ಡ ರಾಕ್ಷಸರಿಗೆ ಬೇರೆಯವರ ಸರದಿ ಮುಗಿದ ಮೇಲೂ ಕೆಲಸ ಮಾಡುವ ಲೆಜೆಂಡರಿ ಆಕ್ಷನ್‌ಗಳನ್ನು ಕೊಟ್ಟಿರುವುದು ಇದಕ್ಕೇ. ಚಿಕ್ಕ ಭೂತಗಳಿಗೆ ಅದು ಇಲ್ಲ, ನೀವೇ ಸೇರಿಸಬೇಕು.

ಹೊಡೆದಾಟಕ್ಕಿಂತ ಮುಂಚೆಯೇ ಇನ್ನೊಂದು ವಿಷಯ ಗೊತ್ತಾಯಿತು. ರಾತ್ರಿ, ಬಾಗಿಲು ಬಡಿಯುವ ಸದ್ದು, ಒಬ್ಬನ ಅಮ್ಮನ ದನಿ. ನಾನು ಮೆಲ್ಲಗೆ ‘ಪುಟ್ಟಾ, ಬಾಗಿಲು ತೆಗಿ, ನೆನ್ಕೊಂಡು ಬಿಟ್ಟಿದೀನಿ’ ಅಂದೆ. ಟೇಬಲ್ ಸ್ತಬ್ಧ. ಆಗ ಕ್ಲೆರಿಕ್, ಅಂದರೆ ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿಯ ಪಾತ್ರ ಹಿಡಿದವನು ತನ್ನ ಮಂತ್ರಗಳ ಪಟ್ಟಿ ತಿರುವಿ ಹಾಕಿ ಡಿಟೆಕ್ಟ್ ಈವಿಲ್ ಅಂಡ್ ಗುಡ್ ಹಾಕಿದ. ಮೂವತ್ತು ಅಡಿಯೊಳಗೆ ಸತ್ತು ಎದ್ದದ್ದು ಏನಾದರೂ ಇದ್ದರೆ ಈ ಮಂತ್ರ ಹೇಳಿಬಿಡುತ್ತದೆ. ತಡೆಯಬೇಕಾದರೆ ಮೂರಡಿ ದಪ್ಪದ ಮರ ಬೇಕು. ಹಳ್ಳಿ ಮನೆ ಬಾಗಿಲು ಅಷ್ಟು ದಪ್ಪ ಎಲ್ಲಿರುತ್ತೆ? ‘ಹೊರಗಿರೋದು ಅನ್‌ಡೆಡ್ಡಾ?’ ಹೌದು ಅನ್ನಲೇಬೇಕಾಯಿತು. ಬಾಗಿಲು ತೆಗೆದರು. ಕ್ಲೆರಿಕ್ ಎರಡನೇ ಲೆವೆಲ್‌ನಿಂದಲೇ ಟರ್ನ್ ಅನ್‌ಡೆಡ್ ಮಾಡಬಲ್ಲ, ಅಂದರೆ ಸತ್ತು ಎದ್ದದ್ದನ್ನು ಓಡಿಸಬಲ್ಲ. ಅವನು ಮಾಡಿದ, ನಾನು ದಾಳ ಹಾಕಿದೆ, ಕಡಿಮೆ ಬಿತ್ತು, ಊರನ್ನೇ ನಡುಗಿಸಿದವಳು ಒಂದು ನಿಮಿಷ ದಿಕ್ಕೆಟ್ಟು ಓಡಿದಳು. ಚೊಂಬು, ಉದ್ರಿ ಪುಸ್ತಕ, ಅಜ್ಜಿಯ ಹಾಡು ಯಾವುದೂ ಬೇಕಾಗಲಿಲ್ಲ.

ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಆಟ ಕಟ್ಟಿರುವುದೇ ಹಾಗೆ: ಇಲ್ಲಿ ನಾಯಕರು ಬಲಶಾಲಿಗಳು, ಕತ್ತಲೆ ಅವರಿಗೆ ಹೆದರಬೇಕು. ಐದನೇ ಲೆವೆಲ್‌ಗೆ ಹೋದರೆ ಶವವನ್ನೇ ಮಾತಾಡಿಸುವ ಮಂತ್ರ ಸಿಗುತ್ತದೆ, ಆಮೇಲೆ ಕೊಲೆಗಾರ ಯಾರು ಅನ್ನುವ ಕಥೆಗಳೇ ನಡೆಯುವುದಿಲ್ಲ. ಡಿ ಅಂಡ್ ಡಿಯಲ್ಲಿ ಪತ್ತೇದಾರಿ ಬೇಕು ಅಂದರೆ ಲೆವೆಲ್ 4ರ ಒಳಗೇ ಮುಗಿಸಿ.

ಅದೇ ಗುಂಪಿಗೆ ಮುಂದಿನ ಬೇಟೆ ಟ್ರೋಲ್ ಕೊಟ್ಟೆ, ಆಗ ನೋಡಿ ಆಟ ಮೈಕೊಡವಿ ಎದ್ದಿದ್ದು. ಟ್ರೋಲ್‌ಗೆ 84 ಹಿಟ್ ಪಾಯಿಂಟ್, ಮತ್ತು ಅದರ ಪ್ರತಿ ಸರದಿಯ ಶುರುವಿನಲ್ಲಿ 10 ವಾಪಸ್ ಬರುತ್ತದೆ. ಬೆಂಕಿಯೋ ಆ್ಯಸಿಡ್ಡೋ ತಾಗಿದರೆ ಆ ಒಂದು ಸಲ ಬರುವುದಿಲ್ಲ. ಕತ್ತಿಯೇಟಿನ ಗಾಯ ಕಣ್ಣೆದುರೇ ಮುಚ್ಚಿಕೊಳ್ಳುವುದನ್ನು ನಾನು ಹೇಳುತ್ತಿದ್ದ ಹಾಗೆ ಒಬ್ಬಳು ಎದ್ದು ನಿಂತು ‘ಪಂಜು! ಪಂಜು ಕೊಡಿ!’ ಅಂದಳು. ಉರಿಯುವ ಪಂಜಿನಿಂದ ಹೊಡೆದರೆ ಆಗುವ ಹಾನಿ ಬರೀ 1. ಆದರೆ ಆ 1 ಬೆಂಕಿಯದು, ಅಷ್ಟು ಸಾಕು. ಅಲ್ಲಿಂದ ಮುಂದೆ ಇಡೀ ಕಾಳಗ ಆ ಪಂಜನ್ನು ಆರದ ಹಾಗೆ ಕಾಪಾಡುವುದರ ಸುತ್ತ ನಡೆಯಿತು. ಮ್ಯಾಪ್ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಯಾರು ಅಡ್ಡ ಹೋಗಬೇಕು ಅಂತ ಲೆಕ್ಕ ಹಾಕುವ ಖುಷಿ ಉಳಿದೆರಡು ಆಟಗಳಲ್ಲಿ ಇಲ್ಲವೇ ಇಲ್ಲ.

ಹೊಸ ಜಿಎಂಗೆ ಭಾರ ಅನ್ನಿಸುವುದು ನೆನಪಿಡಬೇಕಾದ ವಿಷಯಗಳು. ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್, ಕಾನ್ಸಂಟ್ರೇಷನ್, ಪ್ರತಿಯೊಬ್ಬರ ಮಂತ್ರಗಳು. ಆಟದ ಮಧ್ಯೆ ಪುಸ್ತಕ ತಿರುವುವ ಹೊತ್ತು ಜಾಸ್ತಿಯಾಗುತ್ತದೆ.

ಮಾನ್‌ಸ್ಟರ್ ಆಫ್ ದ ವೀಕ್: ಭೂತಕ್ಕೂ ಒಂದು ಟೈಮ್‌ಟೇಬಲ್

ನ್ಯೂಜಿಲೆಂಡಿನ ಮೈಕಲ್ ಸ್ಯಾಂಡ್ಸ್ ಬರೆದದ್ದು. ವಿನ್ಸೆಂಟ್ ಮತ್ತು ಮೆಗೀ ಬೇಕರ್ 2010ರಲ್ಲಿ ತಂದ ಅಪಾಕಲಿಪ್ಸ್ ವರ್ಲ್ಡ್ ಆಟದ ಪದ್ಧತಿಯೇ ಇದಕ್ಕೆ ಬುನಾದಿ. ನಿಯಮದ ತಿರುಳು ಇಷ್ಟು: ಎರಡು ಮಾಮೂಲಿ ದಾಳ ಹಾಕಿ, ನಿಮ್ಮ ಪಾತ್ರಕ್ಕೆ ಆ ಕೆಲಸದಲ್ಲಿರುವ ಅಂಕ ಕೂಡಿಸಿ. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಬೆಲೆ ತೆರಬೇಕು. 6 ಅಥವಾ ಕೆಳಗೆ ಬಂದರೆ ಜಿಎಂ ಸರದಿ. ಇಲ್ಲಿ ಜಿಎಂಗೆ ಕೀಪರ್ ಅನ್ನುತ್ತಾರೆ, ಕೀಪರ್ ದಾಳ ಮುಟ್ಟುವುದೇ ಇಲ್ಲ. ಹೊಸಬರಿಗೆ ಇದು ಎಷ್ಟು ಹಗುರ ಅಂತ ಆಡಿಸಿದರೇ ಗೊತ್ತಾಗುವುದು. ಭೂತದ ಏಟಿಗೆ ಬೇರೆ ದಾಳ, ಬೇರೆ ಲೆಕ್ಕ ಇಲ್ಲ. ಎದುರು ಬಿದ್ದು ಹೊಡೆದಾಡಿದರೆ ಇಬ್ಬರಿಗೂ ಏಟು ಬೀಳುತ್ತದೆ, ಆ ಒಂದೇ ದಾಳದಲ್ಲಿ ಎರಡೂ ಕಡೆಯದು ತೀರ್ಮಾನ.

ತಯಾರಿ ಮಾಡಬೇಕಾದದ್ದು ಒಂದು ಹಾಳೆಯಷ್ಟು. ಭೂತಕ್ಕೆ ಏನು ಬೇಕು, ಅದರ ಶಕ್ತಿ ಏನು, ದೌರ್ಬಲ್ಯ ಏನು, ಊರಲ್ಲಿ ಯಾರ‍್ಯಾರು ಇದ್ದಾರೆ, ಯಾವ ಜಾಗಗಳಿವೆ. ಆಮೇಲೆ ಈ ಆಟದ ಜೀವಾಳ, ಕೌಂಟ್‌ಡೌನ್. ಬೇಟೆಗಾರರು ಬರದೇ ಹೋಗಿದ್ದರೆ ಏನೇನಾಗುತ್ತಿತ್ತು ಅಂತ ಹಗಲಿನಿಂದ ನಡುರಾತ್ರಿಯವರೆಗೆ ಆರು ಹಂತದಲ್ಲಿ ಬರೆಯಬೇಕು. ನನ್ನದು ಹೀಗಿತ್ತು. ಹಗಲು: ಕೆರೆ ಏರಿ ಮೇಲೆ ಪೋಸ್ಟ್‌ಮ್ಯಾನ್ ಹೆಣ ಸಿಗುತ್ತದೆ. ನೆರಳು: ಮೇಷ್ಟ್ರ ಮನೆ ಬಾಗಿಲ ಬರಹವನ್ನು ಯಾರೋ ಒರೆಸಿರುತ್ತಾರೆ. ಸೂರ್ಯಾಸ್ತ: ಆ ಮನೆಯಲ್ಲಿ ಸಾವು. ಮುಸ್ಸಂಜೆ: ಮಳೆ ಸುರಿದು ಊರಿನ ಸೀಮೆಸುಣ್ಣವೆಲ್ಲ ತೊಳೆದುಹೋಗುತ್ತದೆ. ರಾತ್ರಿ: ಒಂದೊಂದು ಬಾಗಿಲಲ್ಲೂ ಒಂದೊಂದು ದನಿ. ನಡುರಾತ್ರಿ: ಬೀದಿಯಲ್ಲಿ ಒಂದು ಮನೆಯೂ ಉಳಿಯುವುದಿಲ್ಲ.

ಇದು ಕೈಯಲ್ಲಿದ್ದರೆ ಮುಂದೇನು ಹೇಳಲಿ ಅಂತ ತಡವರಿಸುವ ಪ್ರಶ್ನೆಯೇ ಇಲ್ಲ. ಆಟಗಾರರು ಹೋಟೆಲಲ್ಲಿ ಕೂತು ಕಾಫಿ ಕುಡಿಯುತ್ತಾ ಹರಟೆ ಹೊಡೆದರೆ ಭೂತ ಮುಂದಿನ ಹೆಜ್ಜೆ ಇಡುತ್ತದೆ. ಅವರು ಚುರುಕಾಗಿ ಓಡಾಡಿ ಮೇಷ್ಟ್ರನ್ನು ಬೇರೆ ಮನೆಗೆ ಸಾಗಿಸಿದರೆ ಆ ಹಂತ ತಪ್ಪುತ್ತದೆ. ಅವರು ಏನು ಮಾಡುತ್ತಾರೆ ಅಂತ ನೀವು ಊಹಿಸಿ ಬರೆದಿಟ್ಟುಕೊಳ್ಳಬೇಕಾಗಿಲ್ಲ, ಭೂತ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಸಾಕು. ಮೊದಲ ಸಲ ಆಡಿಸುವವರಿಗೆ ಈ ಆಟವನ್ನೇ ಹೇಳುತ್ತಿರುವುದಕ್ಕೆ ಮುಖ್ಯ ಕಾರಣ ಇದು.

ಪಾತ್ರ ಮಾಡುವುದೂ ಬೇಗ. ಪ್ಲೇಬುಕ್ ಅಂತ ಮೊದಲೇ ತಯಾರಾದ ಹಾಳೆಗಳಿವೆ, ಟಿಕ್ ಹಾಕುತ್ತಾ ಹೋದರೆ ಪಾತ್ರ ರೆಡಿ. ಮಂಡೇನ್ ಅಂದರೆ ಯಾವ ಶಕ್ತಿಯೂ ಇಲ್ಲದ ಸಾಮಾನ್ಯ ಮನುಷ್ಯ. ಅದನ್ನು ಒಬ್ಬ ಗೆಳೆಯ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಮಾಡಿಕೊಂಡ. ಎಕ್ಸ್‌ಪರ್ಟ್ ಆಗಿ ರಿಟೈರ್ಡ್ ಹಿಸ್ಟರಿ ಮೇಷ್ಟ್ರು ಬಂದರು. ರಾಂಗ್ಡ್ ಅಂದರೆ ಭೂತಕ್ಕೆ ತನ್ನವರನ್ನು ಕಳೆದುಕೊಂಡವರು; ಅದನ್ನು ತೆಗೆದುಕೊಂಡ ಗೆಳತಿ, ಬಾಗಿಲು ತೆಗೆದು ಸತ್ತ ತಮ್ಮನೊಬ್ಬ ನನಗಿದ್ದ ಅಂತ ತಾನೇ ಹೇಳಿದಳು.

ಆಮೇಲೆ ಬಾಗಿಲ ದೃಶ್ಯ ಬಂತು. ನಾನು ಅವಳ ತಮ್ಮನ ದನಿ ಹಿಡಿದೆ. ‘ಅಕ್ಕಾ, ಮಳೆ ಬರ್ತಿದೆ, ಚಿಲಕ ತೆಗಿಯೇ.’ ಒತ್ತಡದಲ್ಲಿ ತಡೆದುಕೊಳ್ಳುವ ದಾಳ ಹಾಕಿಸಿದೆ. 8 ಬಂತು. ಪೂರ್ತಿ ಗೆಲುವಲ್ಲ, ಸೋಲೂ ಅಲ್ಲ. ‘ನೀನು ಚಿಲಕ ತೆಗೀಲಿಲ್ಲ. ಆದ್ರೆ ಬಾಯಿಂದ ಅವನ ಹೆಸರು ಬಂದುಬಿಡ್ತು. ನಿನ್ನ ದನಿ ಈಗ ಅವಳಿಗೆ ಸಿಕ್ತು.’ ಐದು ನಿಮಿಷ ಬಿಟ್ಟು ಎದುರು ಮನೆ ಬಾಗಿಲಲ್ಲಿ ಇವಳದೇ ದನಿ ಕೇಳಿಸಿತು, ‘ನಾನೇ, ಬಾಗಿಲು ತೆಗೀರಿ, ಅವಳು ಹೋದ್ಲು’ ಅಂತ. ಟೇಬಲ್‌ನಲ್ಲಿ ಎಲ್ಲರೂ ಒಟ್ಟಿಗೇ ಕೂಗಿದರು. ಇದನ್ನು ನಾನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ, ಆ 8 ಕೊಟ್ಟದ್ದು.

ಲೆಕ್ಕ ನೋಡಿದರೂ ಇದು ಅರ್ಥವಾಗುತ್ತದೆ. ಅಂಕ +1 ಇರುವವರಿಗೆ ನೂರಕ್ಕೆ 44 ಸಲ ಆ ನಡುವಿನ ಫಲವೇ ಬರುತ್ತದೆ. ಪೂರ್ತಿ ಗೆಲುವು 28, ಸೋಲು 28. ಸೋತರೆ ಒಂದು ಎಕ್ಸ್‌ಪೀರಿಯನ್ಸ್ ಗುರುತು ಸಿಗುತ್ತದೆ, ಐದು ಗುರುತಾದರೆ ಪಾತ್ರ ಬೆಳೆಯುತ್ತದೆ, ಹಾಗಾಗಿ ಸೋತವರು ಮುಖ ಸಪ್ಪೆ ಮಾಡುವುದಿಲ್ಲ. ತೀರಾ ಕೈಕೊಟ್ಟರೆ ಲಕ್ ಅಂತ ಏಳು ಚೌಕಗಳಿವೆ, ಒಂದನ್ನು ಖರ್ಚು ಮಾಡಿದರೆ ಆ ದಾಳ 12 ಆಗುತ್ತದೆ. ಖರ್ಚಾದ ಲಕ್ ಸಾಮಾನ್ಯವಾಗಿ ಮರಳಿ ಬರಲ್ಲ.

ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು: ದೌರ್ಬಲ್ಯ ಬಳಸದೆ ಭೂತ ಸಾಯುವುದಿಲ್ಲ. ಎಷ್ಟು ಗುಂಡು ಹೊಡೆದರೂ ಅದು ಮತ್ತೆ ಏಳುತ್ತದೆ. ಹಾಗಾಗಿ ಚೊಂಬಿನ ಮೇಲಿನ ಹೆಸರಿಗೆ ಇಲ್ಲಿ ನಿಜವಾದ ಬೆಲೆ ಬಂತು. ಪತ್ತೇದಾರಿ ಮಾಡುವಾಗ ದಾಳ ಚೆನ್ನಾಗಿ ಬಿದ್ದರೆ ಆಟಗಾರರು ಕೇಳಬಹುದಾದ ಪ್ರಶ್ನೆಗಳೇ ಪಟ್ಟಿಯಲ್ಲಿವೆ: ಇಲ್ಲಿ ಏನಾಯಿತು, ಇದು ಎಂಥ ಜೀವಿ, ಇದಕ್ಕೆ ಏನು ತಾಗುತ್ತದೆ, ಇಲ್ಲಿ ಏನನ್ನು ಬಚ್ಚಿಟ್ಟಿದ್ದಾರೆ. ಕಂಡಕ್ಟರ್ ಪಾತ್ರದವನು ಅಡುಗೆಮನೆಯಲ್ಲಿ ಈ ಕೊನೆಯ ಪ್ರಶ್ನೆ ಕೇಳಿದಾಗಲೇ ಚೊಂಬು ಹೊರಬಂದದ್ದು.

ಕಷ್ಟವೂ ಇದೆ. ಪ್ರತಿ ಎರಡನೇ ದಾಳಕ್ಕೂ ‘ಆಯಿತು, ಆದರೆ...’ ಅಂತ ಹೊಸದು ಹುಟ್ಟಿಸಬೇಕು. ಎರಡು ಗಂಟೆ ಆದ ಮೇಲೆ ತಲೆ ಖಾಲಿಯಾಗುತ್ತದೆ. ಕಥೆಗೆ ಹೊಂದುವ ಹತ್ತು ಹನ್ನೆರಡು ‘ಬೆಲೆ’ಗಳನ್ನು ಮೊದಲೇ ಗೀಚಿಟ್ಟುಕೊಳ್ಳಿ: ಟಾರ್ಚ್ ಕೆಡುತ್ತದೆ, ಮಗು ಎದ್ದು ಅಳುತ್ತದೆ, ಊರವರಿಗೆ ನಿಮ್ಮ ಮೇಲೆ ಅನುಮಾನ ಬರುತ್ತದೆ, ಹೀಗೆ. ಮ್ಯಾಪ್ ಮೇಲೆ ಲೆಕ್ಕ ಹಾಕಿ ಆಡುವವರಿಗೆ ಇಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಟ್ರೋಲ್ ಕಾಳಗದಲ್ಲಿ ಎದ್ದು ನಿಂತ ನನ್ನ ಆಫೀಸ್ ಗೆಳತಿ ಇದನ್ನು ಆಡಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದಳು ಅಂತಲೇ ನನ್ನ ನಂಬಿಕೆ.

ವೇಸನ್: ಅವಳು ಯಾಕೆ ಬರುತ್ತಾಳೆ?

ಸ್ವೀಡನ್ನಿನ ಫ್ರೀ ಲೀಗ್ ಕಂಪನಿ 2020ರಲ್ಲಿ ತಂದ ಆಟ. ಯೋಹಾನ್ ಎಗರ್‌ಕ್ರಾನ್ಸ್ ಚಿತ್ರಗಳೇ ಇದಕ್ಕೆ ಮೂಲ, ನಿಯಮ ಬರೆದದ್ದು ನಿಲ್ಸ್ ಹಿಂಟ್ಸೆ. ಕಾಲ 19ನೇ ಶತಮಾನ. ರೈಲು, ಫ್ಯಾಕ್ಟರಿ ಬಂದು ಜನ ಹಳ್ಳಿ ಬಿಡುತ್ತಿದ್ದಾರೆ, ಮನುಷ್ಯರ ಪಕ್ಕದಲ್ಲೇ ಕಣ್ಣಿಗೆ ಬೀಳದೆ ಬದುಕಿದ್ದ ಜೀವಿಗಳು ಸಿಟ್ಟಿಗೆದ್ದಿವೆ. ಅವುಗಳನ್ನು ಕಾಣಬಲ್ಲ ಕೆಲವರು ಉಪ್ಸಾಲಾದ ಒಂದು ಹಳೇ ಕೋಟೆಮನೆಯಲ್ಲಿ ಸೇರುತ್ತಾರೆ.

ಪುಸ್ತಕದಲ್ಲಿರುವ ಹಾಗೆ ಸ್ವೀಡನ್‌ನಲ್ಲೇ ಒಂದು ಮೈಲಿಂಗ್ ಕಥೆ ಆಡಿಸಿದೆ. ಮೈಲಿಂಗ್ ಅಂದರೆ ಹುಟ್ಟಿದೊಡನೆ ಬಿಟ್ಟುಹೋದ ಕೂಸಿನ ಪ್ರೇತ. ಅಲ್ಲಿನ ಜನಪದ ಕಥೆಗಳಲ್ಲಿ ಅದು ದಾರಿಹೋಕರ ಬೆನ್ನೇರಿ ನನ್ನನ್ನು ಚರ್ಚಿನ ಮಣ್ಣಿಗೆ ಒಯ್ಯಿ ಅನ್ನುತ್ತದೆ, ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ಅದಾದ ಮೇಲೆ ‘ನಾಳೆ ಬಾ’ ಕಥೆಯನ್ನು 1870ರ ಸುಮಾರಿನ ಮೈಸೂರು ಸೀಮೆಗೆ ತಂದೆ. ಆಗ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿ, ಬೆಂಗಳೂರಿಗೆ ರೈಲು ಬಂದು ಕೆಲವೇ ವರ್ಷ. ಸ್ಟೀಲ್ ಚೊಂಬು ಹಿತ್ತಾಳೆ ಚೊಂಬಾಯಿತು, ಉದ್ರಿ ಪುಸ್ತಕ ಶಾನುಭೋಗರ ಕಡತವಾಯಿತು.

ಕಥೆಯೂ ತಾನಾಗಿ ಬೆಳೆಯಿತು. ಆ ಕಾಲದ ಹಳ್ಳಿಯಲ್ಲಿ ಬರೆಯಲು ಬರುತ್ತಿದ್ದವರು ಎಷ್ಟು ಜನ? ಬಾಗಿಲ ಮೇಲೆ ‘ನಾಳೆ ಬಾ’ ಬರೆಯಬಲ್ಲವರು ಶಾನುಭೋಗರೊಬ್ಬರೇ. ಹಾಗಾದರೆ ಯಾರ ಮನೆ ಉಳಿಯಬೇಕು, ಯಾರದ್ದು ಬೇಡ ಅನ್ನುವುದು ಅವರ ಕೈಯಲ್ಲಿ. ವೇಸನ್‌ನಲ್ಲಿ ಪ್ರತಿ ಕಥೆಯನ್ನೂ ಊರೊಳಗಿನ ಒಂದು ಜಗಳದ ಸುತ್ತ ಕಟ್ಟು ಅಂತ ಪುಸ್ತಕ ಹೇಳುತ್ತದೆ, ಮತ್ತು ಹಾಗೆ ಯೋಚಿಸಲು ಕೂತದ್ದರಿಂದಲೇ ಶಾನುಭೋಗರು ನನಗೆ ಹೊಳೆದದ್ದು. ಭೂತವನ್ನು ಕಳಿಸುವ ಬಗೆಯೂ ಪ್ರತಿಯೊಂದಕ್ಕೂ ಬೇರೆ, ಕತ್ತಿ ಕೋವಿಯಿಂದ ಸಾಮಾನ್ಯವಾಗಿ ಆಗದು. ಅವಳಿಗೆ ಆದ ಅನ್ಯಾಯ ಏನು ಅಂತ ತಿಳಿಯದೆ ಕಥೆ ಮುಗಿಯುವುದೇ ಇಲ್ಲ.

ದಾಳದ ಪದ್ಧತಿ ಸರಳ. ನಿಮ್ಮ ಗುಣ ಮತ್ತು ಕೌಶಲ ಸೇರಿ ಎಷ್ಟೋ ಅಷ್ಟು ದಾಳ ಹಾಕಿ, ಒಂದಾದರೂ 6 ಬಿದ್ದರೆ ಗೆದ್ದಿರಿ. ನಾಲ್ಕು ದಾಳಕ್ಕೆ ಗೆಲ್ಲುವ ಸಾಧ್ಯತೆ ನೂರಕ್ಕೆ 52, ಆರಕ್ಕೆ 67. ಸೋತರೆ ಇನ್ನೊಮ್ಮೆ ಹಾಕಬಹುದು, ಆದರೆ ಒಂದು ಕಂಡಿಷನ್ ತೆಗೆದುಕೊಳ್ಳಬೇಕು: ಸಿಟ್ಟು, ಭಯ, ಹತಾಶೆ ಅಥವಾ ಸುಸ್ತು, ಪೆಟ್ಟು, ಗಾಯ. ಅಕ್ಕ ಪಾದ್ರಿಯ ಪಾತ್ರವನ್ನು ಮಠದ ಒಬ್ಬ ಅಯ್ಯನವರಾಗಿ ಮಾಡಿಕೊಂಡಿದ್ದಳು. ಶಾನುಭೋಗರ ಹೆಂಡತಿಯಿಂದ ನಿಜ ಹೊರಡಿಸಲು ದಾಳ ಹಾಕಿದಳು, ಒಂದೂ 6 ಬೀಳಲಿಲ್ಲ. ‘ಮತ್ತೆ ಹಾಕ್ತೀನಿ ಕಣೋ, ಸಿಟ್ಟು ಬರ್ಕೋ’ ಅಂದಳು. ಎರಡನೇ ಸಲ ಬಿತ್ತು. ಆದರೆ ಅಯ್ಯನವರು ಇಷ್ಟು ಸಿಟ್ಟಾದದ್ದನ್ನು ಆ ಮನೆಯವರು ನೋಡಿದರು, ಮುಂದೆ ಆ ಬೀದಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅಕ್ಕ ಆ ಸಿಟ್ಟನ್ನು ಕೊನೆಯವರೆಗೂ ಪಾತ್ರದಲ್ಲಿ ಹಿಡಿದಿಟ್ಟುಕೊಂಡಳು. ಭಾವ ಮೊದಮೊದಲು ಸುಮ್ನೆ ಕೂತಿದ್ದವರು, ಕಡತ ಸಿಕ್ಕ ಮೇಲೆ ಎಲ್ಲರಿಗಿಂತ ಜಾಸ್ತಿ ಮಾತಾಡಿದರು.

ಕೊನೆಯಲ್ಲಿ ಅವಳ ಹೆಸರು ಕರೆದದ್ದು ಅಕ್ಕನ ಮಗಳು. ಒಳಗಿಂದ ಹೆಸರು ಹಿಡಿದು ಕರೆದು, ‘ನಾಳೆ ಬೇಡ, ಈಗಲೇ ಒಳಗೆ ಬಾ’ ಅಂದಳು. ಮೂರು ಆಟಗಳಲ್ಲಿ ನನ್ನ ಕಣ್ಣು ತುಂಬಿದ್ದು ಇಲ್ಲೊಂದೇ ಕಡೆ.

ಹೊಸ ಜಿಎಂಗೆ ಯಾಕೆ ಇದನ್ನೇ ಹೇಳುತ್ತಿಲ್ಲ ಅಂದರೆ, ಇದು ನಿಧಾನ. ಡಿ ಅಂಡ್ ಡಿಯಲ್ಲಿ ಒಂದು ಸಂಜೆಗೆ ಮುಗಿದ ಕಥೆ ಇಲ್ಲಿ ಒಂದು ಸಂಜೆಗೆ ಮುಗಿಯಲಿಲ್ಲ. ತಯಾರಿಯೂ ಹೆಚ್ಚು: ಊರಿನ ಪ್ರತಿಯೊಬ್ಬರಿಗೂ ಏನು ಬೇಕು, ಯಾರ ಮೇಲೆ ಯಾರಿಗೆ ಸಿಟ್ಟು ಅಂತ ಯೋಚಿಸಿರಬೇಕು. ಮಾತಾಡಲು ಸಂಕೋಚಪಡುವ ಗುಂಪಾದರೆ ಸಂಜೆ ಎಳೆದಂತಾಗುತ್ತದೆ. ಸ್ವೀಡನ್ ಬಿಟ್ಟು ನಮ್ಮ ಊರಿಗೆ ತರುವ ಕೆಲಸವೂ ನಿಮ್ಮದೇ. ಕೋಟೆಮನೆ ಬದಲು ನಾನು ಪಾಳುಬಿದ್ದ ಒಂದು ಟ್ರಾವೆಲರ್ಸ್ ಬಂಗಲೆ ಇಟ್ಟೆ.

ಕಾಲ್ ಆಫ್ ಕ್ತುಲು ಯಾಕಿಲ್ಲ ಅಂತ ಕೇಳುವವರಿದ್ದೀರಿ. 1981ರಿಂದ ಇರುವ ಒಳ್ಳೆ ಆಟ, ಶುರುಮಾಡಲು ಬೇಕಾದಷ್ಟು ನಿಯಮ ಮತ್ತು ಒಂದು ಪೂರ್ತಿ ಕಥೆ ಪುಕ್ಕಟೆ ಸಿಗುತ್ತದೆ. ಆದರೆ ಅಲ್ಲಿ ನಿಜ ತಿಳಿದಷ್ಟೂ ಪಾತ್ರಗಳ ಬುದ್ಧಿ ಸ್ಥಿಮಿತ ಕರಗುತ್ತಾ ಹೋಗುತ್ತದೆ. ಬೇಟೆಯಾಡುವ ಆಟಕ್ಕಿಂತ ಬೇಟೆಯಾಗುವ ಆಟ ಅದು.

ಯಾವುದನ್ನು ಆರಿಸಿದರೂ ಮೊದಲು ಒಂದು ಗಂಟೆ ಬರೀ ಮಾತಿಗೆ ಇಡಿ. ಸೆಷನ್ ಝೀರೋ ಅನ್ನುತ್ತಾರೆ. ಏನು ಬೇಕು, ಏನು ಬೇಡ ಅಂತ ಎಲ್ಲರೂ ಹೇಳಲಿ. ಕಾಲೇಜು ಗೆಳೆಯರ ಜೊತೆ ಕೂತಾಗ ಮುಂದಿನ ಸೆಷನ್‌ಗೆ ಕರಾವಳಿಯ ಭೂತ ಇಡೋಣ ಅಂತ ಒಬ್ಬ ಅಂದ, ಗುಳಿಗನ ಹೆಸರೂ ಎತ್ತಿದ. ಪುತ್ತೂರು ಕಡೆಯ ಗೆಳೆಯ ತಕ್ಷಣ, ‘ಅದು ನಾವು ನಂಬುವ ದೈವ ಮಾರಾಯ, ಬೇಟೆ ಎಲ್ಲ ಆಗ್ಲಿಕ್ಕಿಲ್ಲ’ ಅಂದ. ಅವನು ಹೇಳಿದ್ದು ಸರಿ. ಗುಳಿಗ, ಪಂಜುರ್ಲಿ ಜನ ಕೋಲ ಕಟ್ಟಿ ಪೂಜಿಸುವ ದೈವಗಳು, ಮಾನ್‌ಸ್ಟರ್ ಪಟ್ಟಿಗೆ ಸೇರಿಸುವಂಥವಲ್ಲ. ಕೊಳ್ಳಿ ದೆವ್ವ, ಮೋಹಿನಿ, ಬ್ರಹ್ಮರಾಕ್ಷಸ ಇಷ್ಟೆಲ್ಲ ಇರುವಾಗ ಭೂತಗಳಿಗೇನೂ ಬರ ಇಲ್ಲ. ಮಕ್ಕಳಿಗೆ ಕೇಡಾಗುವ ಕಥೆ ಬೇಡ ಅಂತ ಅಕ್ಕನೂ ಹೇಳಿದ್ದಳು. ಹಾಗಾಗಿ ಅವರಿಗೆ ಆಡಿಸಿದ ಮೈಲಿಂಗ್ ಕಥೆಯಲ್ಲಿ ಕೂಸಿನ ಸಾವನ್ನು ತೋರಿಸಲೇ ಇಲ್ಲ, ಹಳೆಯ ಸುದ್ದಿಯಾಗಿ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದೆ.

ಇನ್ನು ನಾಲ್ಕೈದು ಸೆಷನ್ ಹೇಗೆ ಹಂಚುವುದು? ಡಿ ಅಂಡ್ ಡಿಯಲ್ಲಿ ಲೆವೆಲ್ 1ರಿಂದ 4ರವರೆಗೆ ಪ್ರತಿ ಬೇಟೆಗೂ ಒಂದು ಲೆವೆಲ್ ಏರಿಸುತ್ತಾ ಹೋಗಿ, ಕೊನೆಯ ರಾಕ್ಷಸನಿಗೆ ಬೆಂಕಿಯೋ ಬೆಳ್ಳಿಯೋ ಬೇಕು ಅನ್ನುವ ಸುಳಿವನ್ನು ಮೊದಲ ಸೆಷನ್‌ನಲ್ಲೇ ಹಾಕಿ. ಬೆಳ್ಳಿ ಲೇಪ ಮಾಡಿಸಲು ಒಂದು ಆಯುಧಕ್ಕೆ 100 ಚಿನ್ನದ ನಾಣ್ಯ ಬೇಕು, ಆ ದುಡ್ಡು ಹೊಂದಿಸುವುದೇ ಒಂದು ಕಥೆಯಾಗುತ್ತದೆ. ವೇಸನ್‌ನಲ್ಲಿ ಎರಡೇ ಕಥೆ ಇಡಿ, ಎರಡನೆಯದರಲ್ಲಿ ಮೊದಲನೆಯದರ ಒಬ್ಬ ಮನುಷ್ಯ ಮತ್ತೆ ಬರಲಿ. ಮಾನ್‌ಸ್ಟರ್ ಆಫ್ ದ ವೀಕ್‌ನಲ್ಲಿ ಸೆಷನ್‌ಗೊಂದು ಭೂತ, ಹಿಂದೆ ಒಂದೇ ಕೈ. ನಮ್ಮ ಕ್ಯಾಂಪೇನ್‌ನಲ್ಲಿ ಆ ಕೈ ಬಾಗಿಲ ಬರಹಗಳನ್ನು ಒರೆಸುತ್ತಿದ್ದವರದು. ಮೊದಲ ಸೆಷನ್‌ನಲ್ಲಿ ಒಂದು ಒದ್ದೆ ಬಟ್ಟೆ ಮಾತ್ರ ಸಿಕ್ಕಿತ್ತು, ಮೂರನೆಯದರಲ್ಲಿ ಹಿಸ್ಟರಿ ಮೇಷ್ಟ್ರು ಆ ಬಟ್ಟೆಯನ್ನೂ ಒರೆಸಿದ ಬರಹಗಳನ್ನೂ ಜೋಡಿಸಿದರು.

ಮ್ಯಾಪ್, ಮಿನಿಯೇಚರ್, ಲೆವೆಲ್ ಇವೆಲ್ಲ ಇಷ್ಟಪಡುವ ಗುಂಪಿದ್ದರೆ ಯೋಚಿಸದೆ ಡಿ ಅಂಡ್ ಡಿ, ಆದರೆ ಬಾಗಿಲ ಹೊರಗೆ ನಿಂತು ಕರೆಯುವ ಭೂತ ಬೇಡ, ಗುಡ್ಡದಿಂದ ಇಳಿದು ಬರುವ ಭೂತ ಇಡಿ. ಮನೆಯವರ ಜೊತೆ, ಮಾತಿಗೆ ಮಾತು ಬೆಳೆಸುವವರ ಜೊತೆ, ಎರಡು ಮೂರು ಸಂಜೆ ಬಿಡುವಿದ್ದರೆ ವೇಸನ್. ಯಾರು ಬರುತ್ತಾರೆ, ಹೇಗೆ ಆಡುತ್ತಾರೆ ಇನ್ನೂ ಗೊತ್ತಿಲ್ಲ, ನಿಮಗೂ ಇದೇ ಮೊದಲು ಅಂದರೆ ಮಾನ್‌ಸ್ಟರ್ ಆಫ್ ದ ವೀಕ್‌ನ ಪ್ಲೇಬುಕ್ ಹಾಳೆಗಳು ಪ್ರಕಾಶಕರ ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಆಡುವವರಿಗಿಂತ ಎರಡು ಮೂರು ಜಾಸ್ತಿ ಪ್ರಿಂಟ್ ಹಾಕಿಸಿ, ಆರಿಸಿಕೊಳ್ಳಲಿ. ದಾಳ ಎರಡೇ ಸಾಕು, ಯಾವುದಾದರೂ ಹಾವು-ಏಣಿ ಡಬ್ಬಿಯಿಂದ ತೆಗೆದರೂ ಆಗುತ್ತದೆ. ಕೌಂಟ್‌ಡೌನ್ ಮಾತ್ರ ನಿಮ್ಮ ಕೈಯಲ್ಲೇ ಬರೆಯಿರಿ, ಆರೂ ಹಂತ, ಒಂದೊಂದು ಸಾಲು.